ಯಾರೂ ಓದಲಾರದ ಮೇಲ್

ಜೂನ್ 12

ನಮ್ಮ ಕಂಪ್ಯೂಟರ್ ಪಂಡಿತರಿಗೆ,

ಕವರಿನ ಮೇಲಿನ ಅಕ್ಷರ ನೋಡಿದ ತಕ್ಷಣ ನಾನೇ ಅಂತ ಗೊತ್ತಾಗಿರುತ್ತೆ. ಬದುಕಿದ್ದೀನಿ ಕಣೋ. ಮೊದಲು ಒಳಗೆ ಹೋಗಿ ಅಮ್ಮನಿಗೆ ಅಷ್ಟು ಹೇಳಿ ಬಾ, ಆಮೇಲೆ ಮುಂದೆ ಓದು.

ಹೇಳಿದ್ಯಾ? ಅತ್ತಳಾ? ಅಳಲಿ ಬಿಡು, ನಾಲ್ಕು ತಿಂಗಳಿಂದ ತಡೆದಿಟ್ಟುಕೊಂಡಿರೋದು.

ಫೋನ್ ಯಾಕೆ ಮಾಡಲಿಲ್ಲ ಅಂತ ಬೈಬೇಡ. ಫೋನ್ ನಿನ್ನ ಭಾವ ಕೊಡಿಸಿದ್ದು, ಸಿಮ್ಮು ಅವರ ಹೆಸರಲ್ಲಿ. ಎರಡನ್ನೂ ಆ ಮನೆ ಮೇಜಿನ ಮೇಲಿಟ್ಟು ಬಂದೆ. ಇಲ್ಲೊಂದು ಹಲ್ಲಿನ ಲ್ಯಾಬಲ್ಲಿ ಕೆಲಸ ಸಿಕ್ಕಿದೆ. ಹತ್ತು ವರ್ಷ ಪಿಂಗಾಣಿ ಹಲ್ಲಿಗೆ ಬಣ್ಣ ಕೂರಿಸಿದ ಕೈ ಈಗ ಪ್ಲಾಸ್ಟರ್ ಕಲಸಿ ಅಚ್ಚು ಹೊಯ್ಯುತ್ತೆ. ಹೊಸಬರಿಗೆ ಕೊಡೋ ಕೆಲಸ. ಪರವಾಗಿಲ್ಲ, ಹೊಟ್ಟೆ ತುಂಬುತ್ತೆ. ರೂಮು ಲ್ಯಾಬಿನ ಮೇಲೇ. ಕೆಳಗೆ ಹಲ್ಲು ಸಾಣೆ ಹಿಡಿಯೋ ಮೆಷಿನ್ ಶುರುವಾದ್ರೆ ನನ್ನ ಲೋಟಗಳೂ ಕುಣಿಯುತ್ತವೆ.

ಫೆಬ್ರವರಿಯಲ್ಲಿ ಏನಾಯ್ತು ಅಂತ ನಿನಗೆ ಅರ್ಧ ಗೊತ್ತು, ಪೂರ್ತಿ ಹೇಳ್ತೀನಿ. ಬೇರೆ ಊರಿನ ದೊಡ್ಡ ಲ್ಯಾಬೊಂದು ನನ್ನನ್ನ ಮೇಲ್ವಿಚಾರಕಿ ಮಾಡ್ಕೋತೀವಿ ಅಂತ ಒಪ್ಪಿತ್ತು. ಮಾತೆಲ್ಲ ಇ-ಮೇಲಲ್ಲೇ ಆಗಿದ್ದು, ಗುಟ್ಟಾಗಿ. ರೂಮೂ ಗೊತ್ತಾಗಿತ್ತು. ನಾನು ಹೊರಡೋಕೆ ಎರಡು ದಿನ ಇದೆ ಅನ್ನುವಾಗ ನಿನ್ನ ಭಾವ ನೆಟ್ಟಗೆ ಆ ಮಾಲೀಕರ ಮುಂದೆ ಹೋಗಿ ಕೂತಿದ್ದಾರೆ. ಇವಳ ತಲೆ ಸರಿಯಿಲ್ಲ, ಕೈಯೂ ಸರಿಯಿಲ್ಲ ಅಂದಿದ್ದಾರೆ. ಮಾಲೀಕರಿಂದ ಒಂದೇ ಸಾಲು ಬಂತು, ಬರಬೇಡಿ ಅಂತ. ಆ ಸಂಜೆ ಮನೆಯಲ್ಲಿ ಏನಾಯ್ತು ಅನ್ನೋದನ್ನ ಬರೆಯಲ್ಲ.

ಆ ಮೇಲ್ ಅವರಿಗೆ ಹೇಗೆ ಗೊತ್ತಾಯ್ತು? ಅದೊಂದು ಹುಳ ತಲೆ ಕೊರೀತಾ ಇದೆ. ಯಾರೋ ಕಂಪ್ಯೂಟರ್ ಬಲ್ಲವನನ್ನ ಹಿಡಿದು ಓದಿಸಿದ್ರಾ? ಕಂಪನಿಯವರೇ ಓದ್ತಾರಂತೆ, ಹೌದಾ? ಈಗ ವಕೀಲರು ಸಿಕ್ಕಿದ್ದಾರೆ. ಮದುವೆ ಬಿಡುಗಡೆಯ ಕೇಸು ಹಾಕಬೇಕು, ನಿಮ್ಮ ಮೇಲ್ ವಿಳಾಸ ಕೊಡಿ ಅಂತಿದ್ದಾರೆ. ಹಳೇದನ್ನ ಮುಟ್ಟೋಕೂ ಭಯ. ಮೇಲ್ ಕೊಡೋ ಕಂಪನಿಗಳು ಬೇಕಾದಷ್ಟಿವೆಯಂತೆ, ಅದರಲ್ಲಿ ಯಾರೂ ಓದಲಾರದ್ದು, ಕಂಪನಿಯವನೂ ಓದಲಾರದ್ದು ಯಾವುದು? ಬೀದಿಗೆಲ್ಲ ಮೇಲ್ ತೆರೆದು ಕೊಟ್ಟ ಜೆರಾಕ್ಸ್ ಅಂಗಡಿ ಸಾಹುಕಾರ ನೀನು. ನೀನೇ ಆರಿಸಿ ಹೇಳು.

ಈ ವಿಳಾಸ ನಿನ್ನೊಬ್ಬನಿಗೆ ಮಾತ್ರ. ಕವರಿಗೆ ಗೋಂದು ಚೆನ್ನಾಗಿ ಹಚ್ಚು, ಕಾರ್ಡಲ್ಲಿ ಬರೆದೀಯ ಜೋಕೆ. ನಿಮ್ಮ ಬೀದಿ ಪೋಸ್ಟಣ್ಣ ಕಾರ್ಡು ಓದಿಕೊಂಡೇ ಸೈಕಲ್ ತುಳಿಯೋ ಪೈಕಿ.

ನಿನ್ನ
ಅಕ್ಕ


ಜೂನ್ 20

ಅಕ್ಕಾ,

ಅಮ್ಮ ನಿನ್ನ ಕಾಗದ ಮೂರು ಸಲ ಓದಿಸಿಕೊಂಡಳು. ಈಗ ದಿಂಬಿನ ಕೆಳಗಿದೆ.

ನೀನು ಕೇಳಿದ ವಿಷಯಕ್ಕೆ ಬರ್ತೀನಿ. ನಾಲ್ಕು ದಿನ ಕೂತು ಎಲ್ಲ ಓದಿದೆ. ಪುಕ್ಕಟೆ ಮೇಲ್‌ಗಳಲ್ಲಿ ಸಾಮಾನ್ಯವಾಗಿ ಬೀಗದ ಕೈ ಕಂಪನಿಯ ಹತ್ತಿರ ಇರುತ್ತೆ. ಅವರು ಓದ್ತಾರೆ ಅಂತಲ್ಲ, ಮನಸ್ಸು ಮಾಡಿದ್ರೆ ತೆರೆಯಬಹುದು ಅಂತ. ಗುಟ್ಟು ಕಾಯೋದೇ ಕಸುಬಾಗಿರೋ ಕಂಪನಿಗಳಲ್ಲಿ ಹಾಗಲ್ಲ. ಕಾಗದಕ್ಕೆ ನಿನ್ನ ಪಾಸ್‌ವರ್ಡಿನಿಂದಲೇ ಬೀಗ ಬೀಳುತ್ತೆ, ಅವರ ಹತ್ತಿರ ಇರೋದು ಬೀಗ ಹಾಕಿದ ಪೆಟ್ಟಿಗೆ ಮಾತ್ರ. ನೀನು ಪಾಸ್‌ವರ್ಡ್ ಮರೆತರೆ ಅವರು ಕೈ ಎತ್ತಿಬಿಡ್ತಾರೆ.

ಇಂಥವು ಮೂರು ನೋಡಿದೆ. ಒಂದರಲ್ಲಿ ಎಲ್ಲ ಚೆನ್ನಾಗಿದೆ, ಆದರೆ ತಿಂಗಳು ತಿಂಗಳು ದುಡ್ಡು. ಇನ್ನೊಂದು ಸಣ್ಣ ಕಂಪನಿ, ನಾಳೆ ಬಾಗಿಲು ಹಾಕಿದ್ರೆ ನಿನ್ನ ಕೇಸಿನ ಕಾಗದದ ಗತಿ? ಮೂರನೇದು ನನಗೆ ಹಿಡಿಸಿತು. ಕೇಳೋದು ಕಡಿಮೆ, ಹೆಸರು ಕೂಡ ಬೇಕಿಲ್ಲ. ಮರೆತರೆ ಬಳಸೋಕೆ ಹನ್ನೆರಡು ಪದಗಳ ಒಂದು ಸಾಲು ಕೊಡ್ತಾರೆ, ಅದನ್ನ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಅದರ ಹೆಸರು, ತೆರೆಯೋ ರೀತಿ ಬೇರೆ ಹಾಳೆಯಲ್ಲಿ ಬರೆದಿದ್ದೀನಿ. ಯಾವ ಅಂಗಡಿಯ ಕಂಪ್ಯೂಟರಲ್ಲೂ ತೆರೆಯಬೇಡ. ಯಾವ ಅಂಗಡಿಯದ್ದೂ.

ಹಳೇ ಮೇಲನ್ನ ಯಾರು ಓದಿದ್ರೋ ಹೇಳೋಕಾಗಲ್ಲ ಅಕ್ಕಾ. ಈ ಕಾಲದಲ್ಲಿ ಏನು ಬೇಕಾದ್ರೂ ಆಗುತ್ತೆ. ಅದನ್ನ ಕೆದಕಬೇಡ, ಮರೆತುಬಿಡು.

ಅಮ್ಮನ ಮಂಡಿನೋವು ಹಾಗೇ ಇದೆ.

ನಿನ್ನ
ತಮ್ಮ


ಜೂನ್ 20, ಮಧ್ಯಾಹ್ನ

(ಕಳಿಸಿಲ್ಲ)

ಅಕ್ಕಾ,

ಬೆಳಿಗ್ಗೆ ಬರೆದದ್ದನ್ನ ಡಬ್ಬಿಗೆ ಹಾಕಿ ಬಂದೆ. ಹಾಕಿದ ಮೇಲೆ ಕೈ ಒಳಗೆ ಹೋಗುತ್ತಾ ಅಂತ ನೋಡಿದೆ. ಹೋಗಲ್ಲ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಕಂಪನಿಯವರು ಓದ್ತಾರಾ ಅಂದೆ, ನಾನು ಹೆಗಲು ಒರೆಸಿಕೊಂಡೆ. ನಾನೇ ಓದಿದ್ದು ಅಕ್ಕಾ.

ಎಂಟು ವರ್ಷದ ಹಿಂದೆ ನಿನ್ನ ಮೇಲ್ ನಾನೇ ನನ್ನ ಅಂಗಡಿಯಲ್ಲಿ ತೆರೆದು ಕೊಟ್ಟಿದ್ದು. ಎಲ್ಲರಿಗೂ ಮಾಡೋ ಹಾಗೇ. ಜನ ಪಾಸ್‌ವರ್ಡ್ ಮರೀತಾರೆ ಅಂತ ಉದ್ದ ನೋಟ್‌ಬುಕ್ಕಲ್ಲಿ ಬರೆದಿಡ್ತೀನಿ, ಮರೆತರೆ ಬಳಸೋ ನಂಬರಿನ ಜಾಗದಲ್ಲಿ ಅಂಗಡಿ ಫೋನಿಂದೇ ಹಾಕ್ತೀನಿ. ಬೀದಿಯ ಅರ್ಧ ಜನರ ಬೀಗದ ಕೈ ನನ್ನ ಗಲ್ಲಾದಲ್ಲಿದೆ. ಒಂದು ದಿನವೂ ಯಾರದ್ದೂ ತೆರೆದು ನೋಡಿದವನಲ್ಲ. ಡಿಸೆಂಬರಲ್ಲಿ ನೀನು ಅಂಗಡಿಗೆ ಬಂದು ಎರಡನೇ ಕಂಪ್ಯೂಟರಲ್ಲಿ ಏನೋ ಕಳಿಸಿದೆ, ಮುಚ್ಚದೆ ಹೋದೆ. ಮುಚ್ಚೋಕೆ ಅಂತಲೇ ಕೂತೆ. ಮೇಲೇ ಒಂದು ಸಾಲು ಕಾಣಿಸ್ತು, 'ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ' ಅಂತ. ಯಾರಿಗೂ ಅಂದ್ರೆ ನನಗೂ ಹೇಳಿಲ್ಲವಲ್ಲ ಅಂತ ಹೊಟ್ಟೆ ಉರೀತು. ಓದಿದೆ.

ಆಮೇಲೆ ಆರು ವಾರ ದಿನಾ ಬೆಳಿಗ್ಗೆ ಅರ್ಧ ಶಟರ್ ಎತ್ತಿ, ಬಗ್ಗಿ ಒಳಗೆ ಹೋಗಿ ಓದಿದೆ. ಕಸ ಕೂಡ ಗುಡಿಸ್ತಿರಲಿಲ್ಲ, ಮೊದಲು ಅದೇ. ಚಟ ಹಿಡಿದಿತ್ತು.

ಜನವರಿ 22ರದ್ದೂ ಓದಿದೆ. ನೀನು ನಿನ್ನ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಬರೆದದ್ದು. ಮಣಿಕಟ್ಟು ಬಾಗಿಲಿಗೆ ಸಿಕ್ಕಿದ್ದಲ್ಲ, ಭಾವ ತಿರುಚಿದ್ದು ಅಂತ ಬರೆದದ್ದು.

ಓದಿಯೂ ಹೇಳಿದೆ. ಒಂಬತ್ತು ದಿನ ಬಿಟ್ಟು ಭಾವ ಅಂಗಡಿಗೆ ಬಂದಾಗ ಟೀ ತರಿಸಿಕೊಟ್ಟು ನಾನೇ ಬಾಯಿ ಬಿಟ್ಟೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂದುಕೊಂಡೆ. ಅವರಿಗೆ ತಿಳಿದ್ರೆ ಕೂತು ಮಾತಾಡ್ತಾರೆ, ಮನೆ ಉಳಿಯುತ್ತೆ ಅಂದುಕೊಂಡೆ. ಅದೂ ಪೂರ್ತಿ ನಿಜ ಅಲ್ಲ. ಎಲ್ಲ ಗೊತ್ತಿರೋನು ಅನ್ನಿಸಿಕೊಳ್ಳೋ ಆಸೆಯೂ ಇತ್ತು. ಅವರು ಬೆನ್ನು ತಟ್ಟಿ 'ಮನೆ ಗಂಡಸು ಅಂದ್ರೆ ನೀನು' ಅಂದ್ರು. ನನಗೆ ಖುಷಿಯಾಯ್ತು ಅಕ್ಕಾ. ಆ ಖುಷಿ ನೆನೆಸಿಕೊಂಡ್ರೆ ಈಗ ನನ್ನ ಬೆನ್ನನ್ನ ಎಲ್ಲಾದ್ರೂ ಉಜ್ಜಿ ಕೆರೆದುಕೊಳ್ಳೋಣ ಅನ್ನಿಸುತ್ತೆ.

ಇದನ್ನ ಕಳಿಸಲ್ಲ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಇಡ್ತೀನಿ.


ಜುಲೈ 3

ಪಂಡಿತರೇ,

ನಿಮ್ಮ ಕಾಗದ ಅಲ್ಲ, ಅದು ಗ್ರಂಥ! ಲ್ಯಾಬಲ್ಲಿ ಜೊತೆಗೆ ಕೆಲಸ ಮಾಡೋಳಿಗೆ ತೋರಿಸಿದೆ. ನಿನಗೆ ಇಂಥ ತಮ್ಮ ಇದ್ದಾನಾ, ಪುಣ್ಯ ಮಾಡಿದ್ದೆ ಅಂದಳು. ಹೂಂ ಅಂತ ಬೀಗಿದೆ.

ಮೂರನೇದೇ ಆಗಲಿ. ಹಳೇ ಫೋನೊಂದು ಕೊಂಡಿದ್ದೀನಿ. ಅರ್ಧ ತುಂಬಿಸಿಯೂ ಆಯ್ತು. ಆದರೆ ಒಂದು ಕಡೆ ನಿಂತೆ. ಪಾಸ್‌ವರ್ಡ್ ಮರೆತರೆ ಬಳಸೋಕೆ ನಂಬಿಕಸ್ಥರ ನಂಬರ್ ಬೇಕಾದ್ರೆ ಕೊಡಿ ಅಂತ ಕೇಳುತ್ತೆ. ನಿನ್ನ ಹನ್ನೆರಡು ಪದ ಬರೆದಿಟ್ಟ ಚೀಟಿ ನಾನು ಕಳೆದುಹಾಕೋದು ಗ್ಯಾರಂಟಿ, ನಿನಗೆ ಗೊತ್ತಲ್ಲ. ಅದಕ್ಕೆ ಮತ್ತೆ ನಿನ್ನ ನಂಬರೇ ಹಾಕ್ತೀನಿ. ಇನ್ಯಾರದು ಹಾಕಲಿ? ಅದು ಹದಿನಾಲ್ಕೋ ಹದಿನೇಳೋ ಕೊನೆಗೆ? ಬರೆದು ಕಳಿಸು.

ಇನ್ನೊಂದು ಮಾತು, ಯಾರ ಮುಂದೂ ಆಡಿಲ್ಲ. ಯಾರು ಹೇಳಿದ್ದು ಅಂತ ನನಗೆ ಗೊತ್ತಾಯ್ತು. ನಾನು ಮುಂಚೆ ಕೆಲಸ ಮಾಡ್ತಿದ್ದ ಕ್ಲಿನಿಕ್ಕಿನ ಡಾಕ್ಟರಮ್ಮ. ಆ ಹೊಸ ಕೆಲಸಕ್ಕೆ ಶಿಫಾರಸು ಬರೆದವರೂ ಅವರೇ, ನನ್ನ ಗುಟ್ಟು ಗೊತ್ತಿದ್ದವರೂ ಅವರೊಬ್ಬರೇ. ನಿನ್ನ ಭಾವ ಹಲ್ಲು ತೋರಿಸೋಕೆ ಅವರ ಹತ್ತಿರವೇ ಹೋಗ್ತಿದ್ರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು ನೋಡು. ನನ್ನ ಕೈ ಹಿಡಿದು ಕೆಲಸ ಕಲಿಸಿದವರು. ತಡೆಯೋಕಾಗದೆ ಹೋದ ವಾರ ಅವರಿಗೆ ಬರೆದುಬಿಟ್ಟೆ, ಬಾಯಿಗೆ ಬಂದದ್ದೆಲ್ಲ. ನಿಮ್ಮ ಮುಖ ಈ ಜನ್ಮದಲ್ಲಿ ನೋಡಲ್ಲ ಅಂತಲೂ ಬರೆದೆ. ಬರೆದು ಮೂರು ದಿನ ಊಟ ಸೇರಲಿಲ್ಲ.

ನಂಬರ್ ಬೇಗ ಕಳಿಸು. ವಕೀಲರು ಅವಸರ ಮಾಡ್ತಿದ್ದಾರೆ.

ಅಕ್ಕ


ಜುಲೈ 11

ಅಕ್ಕಾ,

ನನ್ನ ನಂಬರ್ ಹಾಕಬೇಡ.

ಡಾಕ್ಟರಮ್ಮ ಅಲ್ಲ. ಕಂಪನಿಯವರಲ್ಲ. ನಾನು. ನೀನು ಡಿಸೆಂಬರಲ್ಲಿ ಎರಡನೇ ಕಂಪ್ಯೂಟರಲ್ಲಿ ತೆರೆದದ್ದನ್ನ ಮುಚ್ಚದೆ ಹೋದೆ, ನಾನು ಓದಿದೆ. ಮಾರನೇ ದಿನವೂ ಓದಿದೆ. ಆರು ವಾರ. ಲ್ಯಾಬಿನವರ ಮಾತು, ರೂಮಿನ ಮಾತು ಎಲ್ಲ ಭಾವನಿಗೆ ಹೇಳಿದವನೂ ನಾನೇ. ಮನೆ ಉಳಿಯಲಿ ಅಂತ ಹೇಳಿದೆ ಅನ್ನೋದನ್ನ ನಾನೇ ನಂಬಲ್ಲ, ನೀನು ಹೇಗೆ ನಂಬ್ತೀಯ.

ಯಾವ ಮೇಲ್ ಭದ್ರ ಅಂತ ನಾಲ್ಕು ದಿನ ಹುಡುಕಿದೆ ಅಂದ್ನಲ್ಲ, ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಎಂಥ ಬೀಗ ಹಾಕಿದ್ರೂ ಕೈ ನನ್ನಂಥವನಿಗೆ ಕೊಟ್ರೆ ಏನು ಬಂತು.

ಡಾಕ್ಟರಮ್ಮನಿಗೆ ಬೈದು ಬರೆದೆ ಅಂತ ನಿನ್ನ ಕಾಗದದಲ್ಲಿ ನೋಡಿದ ಮೇಲೆ ಸುಮ್ಮನಿರೋಕಾಗಲಿಲ್ಲ. ಇಲ್ಲದಿದ್ರೆ ಬಹುಶಃ ಇನ್ನೂ ಸುಮ್ಮನಿರ್ತಿದ್ದೆ. ಅದನ್ನೂ ಹೇಳಿಬಿಡ್ತೀನಿ.

ಕ್ಷಮಿಸು ಅಂತ ಕೇಳೋ ಮುಖ ಇಲ್ಲ.

ತಮ್ಮ


ಆಗಸ್ಟ್ 19

ಅಕ್ಕಾ,

ನಿನ್ನಿಂದ ಕಾಗದ ಇಲ್ಲ. ಬರುತ್ತೆ ಅಂತ ಕಾಯೋ ಹಕ್ಕೂ ನನಗಿಲ್ಲ. ಆದರೂ ಪೋಸ್ಟಣ್ಣನ ಸೈಕಲ್ ಬೆಲ್ಲಿಗೆ ಕಿವಿ ನಿಮಿರುತ್ತೆ.

ಅಮ್ಮನಿಗೆ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. ಬಟ್ಟೆ ಮಡಿಸ್ತಾ ಇದ್ದಳು, ಮಡಿಸಿ ಮುಗಿಸಿದಳು. 'ನಿನಗೆ ಓದೋಕೆ ಕಲಿಸಿದ್ದೇ ಅವಳು' ಅಂದಳು. ಅಷ್ಟೇ. ಆವತ್ತಿನಿಂದ ಊಟಕ್ಕೆ ಕರೆಯಲ್ಲ, ತಟ್ಟೆ ಸದ್ದು ಮಾಡಿ ಇಡ್ತಾಳೆ.

ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದೆ. ರೋಗಿಗಳ ಬೆಂಚಿನ ಮೇಲೆ ಕೂತೆ. ನನ್ನ ಸರದಿ ಬಂದಾಗ ಆ ಉದ್ದ ಕುರ್ಚಿ ತೋರಿಸಿದ್ರು, ಹಲ್ಲು ನೋವಲ್ಲ ಅಂದೆ. ನಿಂತೇ ಎಲ್ಲ ಹೇಳಿದೆ. ಅವರು ಕೈ ತೊಳೆದುಕೊಂಡು, ಒರೆಸಿಕೊಂಡು, 'ನಿಮ್ಮಕ್ಕ ಬರೆದ ಕಾಗದ ಡ್ರಾಯರಲ್ಲಿದೆ. ಓದ್ತೀಯಾ? ಓದೋದು ನಿನಗೆ ಅಭ್ಯಾಸ ಅಲ್ವಾ' ಅಂದ್ರು. ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಬಾಗಿಲ ಹತ್ತಿರ ಹೋದಾಗ ಕೂಗಿ ಕರೆದು, 'ಅವಳ ಕೈ ಸರಿಹೋಯ್ತಾ?' ಅಂದ್ರು. ಗೊತ್ತಿಲ್ಲ ಅಂದೆ.

ಉದ್ದ ನೋಟ್‌ಬುಕ್ ಹಿಡಿದು ಗಿರಾಕಿಗಳನ್ನ ಒಬ್ಬೊಬ್ಬರನ್ನೇ ಕರೀತಾ ಇದ್ದೀನಿ. ನನ್ನ ನಂಬರ್ ತೆಗೆದು ಅವರದ್ದು ಹಾಕಿಸಿ, ಅವರ ಕೈಯಿಂದಲೇ ಪಾಸ್‌ವರ್ಡ್ ಬದಲಾಯಿಸಿ, ಆ ಸಾಲನ್ನ ಅವರ ಮುಂದೆಯೇ ಕತ್ತರಿಸಿ ಕೊಡ್ತೀನಿ. ಯಾಕೆ ಅಂತ ಕೇಳ್ತಾರೆ. ನಂಬಿಕೆ ಮುರಿಯೋ ಕೆಲಸ ಮಾಡಿದ್ದೀನಿ ಅಂತೀನಿ. ದರ್ಜಿ ನಕ್ಕುಬಿಟ್ಟ, ನನ್ನ ಮೇಲಲ್ಲಿ ಏನಿದೆ ಓದೋಕೆ, ಜಾಹೀರಾತು ತಾನೇ ಅಂದ. ಮೇಷ್ಟ್ರು ನಗಲಿಲ್ಲ, ಕತ್ತರಿಸಿದ ಚೂರನ್ನ ಮತ್ತೆ ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡು ಹೋದ್ರು, ತಿರುಗಿ ಬಂದಿಲ್ಲ. ಮೂಲೆಮನೆ ಅಜ್ಜಿ ಮಾತ್ರ ರಂಪ ಮಾಡಿದಳು. 'ನನಗೆ ಅಕ್ಷರ ಬರಲ್ಲ, ಮೊಮ್ಮಗಳು ಬರೆದದ್ದನ್ನ ನೀನು ಓದಿ ಹೇಳದಿದ್ರೆ ಇನ್ಯಾರು ಹೇಳ್ತಾರೆ? ಮುಚ್ಕೊಂಡು ಓದು' ಅಂತ ಕೋಲು ಕುಟ್ಟಿದಳು. ಅವಳ ಪಕ್ಕ ಕೂತು ಓದಿ ಹೇಳಿದೆ.

ಭಾವ ಬಂದಿದ್ರು. ಗಿರಾಕಿಗಳ ಸ್ಟೂಲ್ ಎಳೆದು ಕೂತು, ಏನಾದ್ರೂ ಸುಳಿವು ಸಿಕ್ಕಿತಾ ಅಂದ್ರು. ಇಲ್ಲ, ಸಿಕ್ಕರೂ ಹೇಳಲ್ಲ, ಎದ್ದು ಹೋಗಿ ಅಂದೆ. 'ಆವತ್ತು ಟೀ ಕುಡಿಸಿ ಹೇಳಿದವನು ನೀನೇ ಅಲ್ವೇನೋ' ಅಂತ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಅಂದ್ರು. ಹೌದು ನಾನೇ ಅಂದೆ. ಅದಕ್ಕೇ ಈಗ ಹೋಗಿ ಅಂತಿರೋದು ಅಂದೆ. ಹೋದ್ರು. ಜೆರಾಕ್ಸ್ ತೆಗೆಸೋಕೆ ನಿಂತಿದ್ದವರು ಯಾರೂ ನನ್ನ ಮುಖ ನೋಡಲಿಲ್ಲ.

ಇದೆಲ್ಲ ಯಾಕೆ ಬರೀತಿದ್ದೀನಿ ಅಂದ್ರೆ, ನೀನು ಭೇಷ್ ಅನ್ನಲಿ ಅಂತಲ್ಲ. ಅಲ್ಲ ಅಂತ ಬರೆದೆ, ಬರೆದ ಮೇಲೆ ಅದೇ ಇರಬಹುದು ಅನ್ನಿಸ್ತಿದೆ.

ತಮ್ಮ


ಅಕ್ಟೋಬರ್ 6

ನಿನ್ನ ಜುಲೈ ಕಾಗದ ಬಂದ ವಾರವೇ ರೂಮು ಬದಲಾಯಿಸಿದೆ. ಲ್ಯಾಬೂ ಬದಲಾಯಿಸಿದೆ. ನಿನಗೆ ಗೊತ್ತಿರೋ ವಿಳಾಸದಲ್ಲಿ ನನಗೆ ನಿದ್ದೆ ಬರಲಿಲ್ಲ. ಆಗಸ್ಟಿನದ್ದು ಹಳೇ ಲ್ಯಾಬಿನವಳು ತಂದುಕೊಟ್ಟಳು. ನಿನ್ನನ್ನ ಹೊಗಳಿದ್ದಳಲ್ಲ, ಅವಳೇ. ತಮ್ಮನ ಕಾಗದ ಅಂತ ಓಡಿ ಬಂದಿದ್ದಳು. ಅವಳಿಗೆ ಏನೂ ಹೇಳಿಲ್ಲ. ನನಗೇ ನಾಚಿಕೆ.

ಕೋಪ ಅಂದುಕೊಳ್ಳಬೇಡ. ಕೋಪ ಆಗಿದ್ರೆ ಇಷ್ಟು ಹೊತ್ತಿಗೆ ಇಳಿದಿರ್ತಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಇದ್ದಕ್ಕಿದ್ದ ಹಾಗೆ ನೆನಪಾಗುತ್ತೆ, ಆ ಸಾಲನ್ನೂ ಓದಿದ್ದಾನೆ, ಈ ಸಾಲನ್ನೂ ಓದಿದ್ದಾನೆ ಅಂತ. ಬಟ್ಟೆ ಬದಲಾಯಿಸುವಾಗ ಯಾರೋ ಬಾಗಿಲು ತೆರೆದ ಹಾಗೆ ಆಗುತ್ತೆ. ನಾನೇನೂ ತಪ್ಪು ಮಾಡಿಲ್ಲ, ಆದರೂ ಮುಖ ಮುಚ್ಚಿಕೊಳ್ಳೋದು ನಾನೇ.

ಡಾಕ್ಟರಮ್ಮನಿಗೆ ಕ್ಷಮೆ ಕೇಳಿ ಬರೆದೆ. 'ಬೈದದ್ದು ಮುಗಿದಿದ್ರೆ ಕೈ ಹೇಗಿದೆ ಹೇಳು' ಅಂತ ಎರಡು ಸಾಲು ಬಂತು. ಕೂತು ಅತ್ತೆ.

ಮೇಲ್ ತೆರೆದೆ. ನೀನು ಆರಿಸಿದ್ದೇ, ಮೂರನೇದು. ಚೆನ್ನಾಗಿದೆ, ಅದು ನಿನಗೆ ಗೊತ್ತಿರೋ ಕೆಲಸ. ನಂಬಿಕಸ್ಥರ ನಂಬರಿನ ಜಾಗ ಖಾಲಿ ಬಿಟ್ಟಿದ್ದೀನಿ. ಹನ್ನೆರಡು ಪದಗಳನ್ನ ಬಾಯಿಪಾಠ ಮಾಡಿದೆ, ಚಿಕ್ಕವಳಿದ್ದಾಗ ಮಗ್ಗಿ ಮಾಡಿದ ಹಾಗೆ. ಮರೆತರೆ ಎಲ್ಲ ಹೋಯ್ತು, ಹೋಗಲಿ. ಆ ಮೇಲ್ ವಿಳಾಸ ನಿನಗೆ ಕೊಡಲ್ಲ.

ಅಮ್ಮನ ಸುದ್ದಿ ಬೇಕು. ಅದಕ್ಕೆ ನೀನೇ ಗತಿ. ಇನ್ನು ಮೇಲೆ ಬರೆಯೋದಾದ್ರೆ ಕವರಲ್ಲಿ ಬೇಡ, ಬರೀ ಕಾರ್ಡಲ್ಲಿ ಬರಿ. ವಕೀಲರ ಆಫೀಸಿನ ವಿಳಾಸ ಕೆಳಗಿದೆ, ಅಲ್ಲಿಂದ ನನಗೆ ತಲುಪುತ್ತೆ. ಎಲ್ಲರೂ ಓದಬಹುದಾದದ್ದನ್ನ ಮಾತ್ರ ಬರಿ.

ಒಂದೇ ಒಂದು ಕೇಳ್ತೀನಿ. ನೀನು ಜುಲೈಯಲ್ಲಿ ಎಲ್ಲ ಹೇಳಿದೆ, ತಾರೀಖು ಹೇಳಲಿಲ್ಲ. ಜನವರಿ 22ರ ಮೇಲ್ ಓದಿದ ಮೇಲೆ ನಿನ್ನ ಭಾವನಿಗೆ ಹೇಳಿದ್ಯಾ, ಓದೋಕೆ ಮುಂಚೆಯಾ? ಅದರಲ್ಲಿ ಏನಿತ್ತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಮೇಲೆ, ಮುಂಚೆ, ಒಂದು ಪದ ಸಾಕು. ಮುಂಚೆ ಅಂದ್ರೆ ನಂಬ್ತೀನಿ. ನಂಬೋಕೆ ತಯಾರಾಗಿ ಕೂತಿದ್ದೀನಿ.

ಅಕ್ಕ


ಅಕ್ಟೋಬರ್ 14

(ಕಾರ್ಡು)

ಅಕ್ಕಾ,

ಅಮ್ಮ ಚೆನ್ನಾಗಿದ್ದಾಳೆ. ಮಂಡಿಗೆ ಹೊಸ ಮಾತ್ರೆ ಕೊಟ್ಟಿದ್ದಾರೆ, ಮೆಟ್ಟಿಲು ಇಳೀತಾಳೆ. ನಿನ್ನ ಕಾಗದ ಅವಳಿಗೆ ನಾನು ಓದಿ ಹೇಳಲಿಲ್ಲ, ಮೂಲೆಮನೆ ಅಜ್ಜಿಯ ಮೊಮ್ಮಗಳು ಊರಿಗೆ ಬಂದಿದ್ದಳು, ಅವಳ ಕೈಯಲ್ಲಿ ಓದಿಸಿದೆ. ಕೊನೇ ಭಾಗ ಮಡಿಸಿ ಕೊಟ್ಟೆ.

ಎಲ್ಲರೂ ಓದಬಹುದಾದದ್ದು ಬರಿ ಅಂದೆ. ಬರೀತೀನಿ. ನಮ್ಮಕ್ಕನ ಮೇಲ್ ಆರು ವಾರ ಕದ್ದು ಓದಿದವನು ನಾನು. ಅವಳ ಗಂಡನಿಗೆ ಹೇಳಿದವನು ನಾನು. ವಕೀಲರಿಗೆ ಬೇಕಾದ್ರೆ ಈ ಕಾರ್ಡು ಇಟ್ಟುಕೊಳ್ಳಲಿ.

ಇದನ್ನ ಡಬ್ಬಿಗೆ ಹಾಕಲ್ಲ, ಪೋಸ್ಟಣ್ಣನ ಕೈಗೇ ಕೊಡ್ತೀನಿ. ಓದಿ ಅವನು ತಲೆ ಎತ್ತೋವರೆಗೂ ಅಲ್ಲೇ ನಿಂತಿರ್ತೀನಿ.

ನೀನು ಕೇಳಿದ್ದಕ್ಕೆ: ಓದಿದ ಮೇಲೆ.

ತಮ್ಮ